ಹಂಬರ್ ನದಿಯ ದಡದಲ್ಲಿ

ಇಂಗ್ಲೆಂಡಿಗೆ ಹೋದವರು ನೋಡಿ ಬರುವ ಊರುಗಳಲ್ಲಿ ಹಲ್ ಎಂಬುದು ಸಾಮಾನ್ಯವಾಗಿ ಸೇರಿರುವುದಿಲ್ಲ. ಆಕ್ಸ್‌ಫರ್ಡು, ಕೇಂಬ್ರಿಡ್ಜು, ಷೇಕ್ಸ್‌ಪಿಯರನ ಸ್ಟ್ರಾಟ್‌ಫರ್ಡು, ವರ್ಡ್ಸ್‌ವರ್ತನ ಸರೋವರಗಳ ನಾಡು, ಇವಿಷ್ಟನ್ನು ಕಂಡರೆ ಯಾತ್ರೆ ಪೂರ್ಣವಾಯಿತೆಂದು ಹಿಂದಿರುಗುವುದು ವಾಡಿಕೆ. ನಾವು ಮಗಳ ಬಾಣಂತನಕ್ಕಾಗಿ ಲಂಡನ್ನಿಗೆ ಹೋದವರು. ಮಗುವಿಗೆ ನಾಲ್ಕು ತಿಂಗಳು ತುಂಬುವ ವೇಳೆಗೆ ಮೇಲೆ ಹೇಳಿದ ಊರುಗಳಲ್ಲಿ ಒಂದನ್ನೂ ನೋಡಿರಲಿಲ್ಲ. ಊರಿಗೆ ಹೊರಡಲು ಹನ್ನೆರಡು ದಿನಗಳು ಉಳಿದಿದ್ದಾಗ ನಾನು ಒಂದು ಬೆಳಿಗ್ಗೆ ನಮ್ಮ ಮನೆಯವಳೊಡನೆ, “ನಾಳೆ ಹಲ್ಲಿಗೆ ಹೋಗೋಣ” ಎಂದೆ. ಆಕೆ ಮಗುವಿನ ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತಿ, “ಹಲ್ಲಿಗೆ ಏನಾಯಿತು? ರಾತ್ರಿ ಚಕ್ಕುಲಿ ತಿನ್ನಬೇಡಿ ಎಂದು ಹೇಳಿದೆನಲ್ಲ” ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಊರಿಗೆ ಹಲ್ ಪಟ್ಟಣವೆಂದೇ ಹೆಸರು.

ಬರಲು ಆಕೆಗೆ ಮನಸ್ಸಿರಲಿಲ್ಲ. ಮಗುವನ್ನು ಬಿಟ್ಟು ಒಂದು ರಾತ್ರಿ ಹೊರಗೆ ಕಳೆಯುವುದೆ? ಅದೂ ಯಾರೂ ಹೋಗದ ಊರಿಗೆ? ನಾನು ಅಂದು ಹೇಳಿದ ಮಾತನ್ನು ಇಲ್ಲಿ ಬರೆಯಬೇಕು. ಏಕೆಂದರೆ ಅದು ಮುಂದೆ ನನ್ನ ಮೇಲೆಯೇ ತಿರುಗಿತು. “ನಮಗೇನು ಇಪ್ಪತ್ತು ವರ್ಷವೆ? ನಿನ್ನ ಮೊಣಕಾಲು, ನನ್ನ ಕಣ್ಣು, ಇವೆರಡೂ ನಡೆಯುತ್ತಿರುವಾಗಲೇ ನೋಡಬೇಕು. ಮುಂದಿನ ಸಲ ಎಂಬುದೊಂದು ಇದೆಯೆಂದು ಯಾರು ಬರೆದುಕೊಟ್ಟಿದ್ದಾರೆ?” ಎಂದೆ. ಮಗಳೂ ಅಳಿಯಂದಿರೂ ನನ್ನ ಪಕ್ಷ ವಹಿಸಿದರು. ಮರುದಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದೆವು.

ನನಗೆ ಹಲ್ ಪಟ್ಟಣವನ್ನು ನೋಡಬೇಕೆಂಬ ಹಂಬಲ ಏಕೆಂಬುದನ್ನು ವಾಚಕರಿಗೆ ತಿಳಿಸಬೇಕು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿದವನು. ಆ ಮೂವತ್ತು ವರ್ಷಗಳಲ್ಲಿ ಪಠ್ಯಗಳು ಎಷ್ಟು ಬದಲಾದರೂ ಒಂದು ಪದ್ಯ ಮಾತ್ರ ಹೋದಂತೆ ಮಾಡಿ ಮತ್ತೆ ಮತ್ತೆ ಬರುತ್ತಿದ್ದಿತು. ಆಂಡ್ರೂ ಮಾರ್ವೆಲ್ ಎಂಬ ಹದಿನೇಳನೆಯ ಶತಮಾನದ ಕವಿಯು ತನ್ನ ಸಂಕೋಚದ ನಲ್ಲೆಯನ್ನು ಉದ್ದೇಶಿಸಿ ಬರೆದ, ನಲವತ್ತಾರೇ ಪಂಕ್ತಿಗಳ ಪದ್ಯವದು. ಅದರಲ್ಲಿ ಹಂಬರ್ ಎಂಬ ನದಿಯ ಹೆಸರು ಬರುತ್ತದೆ. “ಹಂಬರ್: ಯಾರ್ಕ್‌ಷೈರಿನ ಒಂದು ನದಿ” ಎಂದು ಟಿಪ್ಪಣಿಯನ್ನು ಓದಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಕಾಣದ ನದಿಯ ವಿಷಯವಾಗಿ ಅದಕ್ಕಿಂತ ಹೆಚ್ಚು ಏನನ್ನು ಹೇಳುವುದು?

ಈ ಕವಿಗಳ ಪಂಗಡಕ್ಕೆ ಇಂಗ್ಲಿಷಿನಲ್ಲಿ ಮೆಟಾಫಿಸಿಕಲ್ ಕವಿಗಳೆಂದು ಹೆಸರು. ಡಾಕ್ಟರ್ ಜಾನ್ಸನ್ನನು 1779ರಲ್ಲಿ ಕೌಲಿಯ ಚರಿತ್ರೆಯನ್ನು ಬರೆಯುವಾಗ ಇವರನ್ನು ಈ ಹೆಸರಿನಿಂದ ಕರೆದು, ಎಲ್ಲಿಯ ವಸ್ತುವಿಗೋ ಎಲ್ಲಿಯ ವಸ್ತುವನ್ನೋ ಬಲವಂತವಾಗಿ ನೊಗ ಕಟ್ಟುವವರೆಂದು ಆಕ್ಷೇಪಿಸಿದನು. ಹೆಸರು ನಿಂತಿತು, ಆಕ್ಷೇಪಣೆ ನಿಲ್ಲಲಿಲ್ಲ. 1921ರಲ್ಲಿ ಮಾರ್ವೆಲ್ಲನ ಮುನ್ನೂರನೆಯ ಹುಟ್ಟುಹಬ್ಬದ ಸಮಯಕ್ಕೆ ಟಿ. ಎಸ್. ಎಲಿಯಟ್ಟನು ಬರೆದ ಪ್ರಬಂಧದ ತರುವಾಯ ಅವರು ಮತ್ತೆ ಗೌರವಕ್ಕೆ ಬಂದರು. ತತ್ತ್ವಜ್ಞಾನವನ್ನು ಹೇಳುವ ಕವಿಗಳೆಂದು ಹೆಸರಿನಿಂದ ಊಹಿಸಿದರೆ ಅದು ತಪ್ಪು. ಹೆಣ್ಣಿನ ಮುಂದೆ ನಿಂತಾಗಲೂ ನ್ಯಾಯಸ್ಥಾನದಲ್ಲಿ ನಿಂತಂತೆ ವಾದಿಸುವ ಕವಿಗಳೆಂದು ಹೇಳಿದರೆ ಹೆಚ್ಚು ಹತ್ತಿರವಾದೀತು.

ಮಾರ್ವೆಲ್ಲನ ಪದ್ಯವೂ ಅಂತಹ ಒಂದು ವಾದವೇ. ಮೂರು ಮೆಟ್ಟಿಲುಗಳು. ಮೊದಲನೆಯದು “ಒಂದು ವೇಳೆ”. ನಮಗೆ ಸಾಕಷ್ಟು ಲೋಕವೂ ಸಾಕಷ್ಟು ಕಾಲವೂ ಇದ್ದಿದ್ದರೆ ನಿನ್ನ ಸಂಕೋಚವು ದೋಷವಾಗುತ್ತಿರಲಿಲ್ಲ. ನೀನು ದೂರದ ಗಂಗೆಯ ದಡದಲ್ಲಿ ಮಾಣಿಕ್ಯಗಳನ್ನು ಆಯುತ್ತಿರಬಹುದಾಗಿತ್ತು, ನಾನು ಹಂಬರಿನ ದಡದಲ್ಲಿ ಕುಳಿತು ನಿನಗಾಗಿ ಗೋಳಾಡುತ್ತಿರಬಹುದಾಗಿತ್ತು. ನಿನ್ನ ಒಂದೊಂದು ಅಂಗವನ್ನು ಹೊಗಳಲು ಇಷ್ಟಿಷ್ಟು ಶತಮಾನಗಳು ಎಂದು ಕವಿಯು ಲೆಕ್ಕವನ್ನೇ ಕೊಡುತ್ತಾನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಾದುದರಿಂದ ಆ ಲೆಕ್ಕದ ವಿವರಕ್ಕೆ ನಾನು ಹೋಗುವುದಿಲ್ಲ. ಎರಡನೆಯದು “ಆದರೆ”. ಬೆನ್ನ ಹಿಂದೆ ಕಾಲದ ರಥವು ಓಡಿ ಬರುತ್ತಿರುವ ಸದ್ದು. ಮುಂದೆ ಕಾಣುವುದು ಮರುಭೂಮಿಗಳಂತಹ ಅನಂತತೆ. ಗೋರಿಯೊಳಗೆ ನಿನ್ನ ಚೆಲುವೂ ಇಲ್ಲ, ನನ್ನ ಹಾಡೂ ಇಲ್ಲ. ಮೂರನೆಯದು “ಆದುದರಿಂದ”. ಅದೇನೆಂದು ಹೇಳಬೇಕಾದ ಅಗತ್ಯವಿಲ್ಲ.

ಇದನ್ನು ಪಾಠ ಮಾಡುವಾಗಲೆಲ್ಲ ನನಗೊಂದು ವಿಚಾರ ಬರುತ್ತಿದ್ದಿತು. ಆಯುಸ್ಸು ಅಲ್ಪ, ಯೌವನ ಅಸ್ಥಿರ, ದೇಹ ಮಣ್ಣುಪಾಲು: ಈ ಮಾತು ನಮಗೆ ಹೊಸದಲ್ಲ. ನಮ್ಮ ದಾಸರ ಪದಗಳಲ್ಲಿ, ಭರ್ತೃಹರಿಯ ವೈರಾಗ್ಯಶತಕದಲ್ಲಿ, ಮುತ್ತಜ್ಜಿಯರ ಬಾಯಲ್ಲಿ ಎಲ್ಲೆಲ್ಲಿಯೂ ಕೇಳಿದ್ದೇ. ಆದರೆ ನಮ್ಮಲ್ಲಿ ಈ ಪೂರ್ವಪಕ್ಷದಿಂದ ಹೊರಡುವ ಸಿದ್ಧಾಂತ “ಆದುದರಿಂದ ಹರಿಯನ್ನು ನೆನೆ” ಎಂಬುದು. ಮಾರ್ವೆಲ್ಲನು ಅದೇ ಮಣ್ಣನ್ನು ಹಿಡಿದು “ಆದುದರಿಂದ ನನ್ನನ್ನು ಅಪ್ಪಿಕೊ” ಎನ್ನುತ್ತಾನೆ. ಈ ತಮಾಷೆಯನ್ನು ಹೇಳಿದಾಗ ಹುಡುಗರು ನಗುತ್ತಿದ್ದರು. ಹುಡುಗಿಯರು ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದರು. ಅವರಲ್ಲಿ ಯಾರಾದರೂ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ರೈಲು ಡಾಂಕಾಸ್ಟರನ್ನು ದಾಟಿದ ಮೇಲೆ ನೆಲವು ಅಂಗೈಯಂತೆ ಚಪ್ಪಟೆಯಾಗುತ್ತಾ ಹೋಯಿತು. ಕೊನೆಯ ಕೆಲವು ಮೈಲಿಗಳಲ್ಲಿ ಹಳಿಯು ನೀರಿನ ಅಂಚಿನಲ್ಲಿಯೇ ಓಡುತ್ತದೆ. ಬಲಗಡೆ ಒಮ್ಮೆಲೇ ಹಂಬರ್ ತೆರೆದುಕೊಂಡಿತು. ಅದರ ಮೇಲೆ ಒಂದೇ ಗುಕ್ಕಿನಲ್ಲಿ ಹಾರಿದಂತೆ ತೂಗುಸೇತುವೆ. 1981ರಲ್ಲಿ ತೆರೆದ ಈ ಸೇತುವೆಯ ನಡುಹರವು 1410 ಮೀಟರು. 1998ರವರೆಗೆ ಲೋಕದಲ್ಲಿ ಇದಕ್ಕಿಂತ ಉದ್ದನೆಯ ತೂಗುಹರವು ಇರಲಿಲ್ಲ. ನಾನು ಸೇತುವೆಯನ್ನು ನೋಡುತ್ತಿದ್ದೆ. ಈಕೆ ನೀರನ್ನು ನೋಡುತ್ತಿದ್ದಳು. “ಇದೇನು, ಗದ್ದೆ ಉತ್ತ ನೀರಿನಂತಿದೆ!” ಎಂದಳು. ನಿಜವೇ. ಊಸ್ ಮತ್ತು ಟ್ರೆಂಟ್ ಎಂಬ ಎರಡು ನದಿಗಳು ಕೂಡಿ ಹಂಬರಾಗುತ್ತದೆ. ಕೂಡಿದ ಕ್ಷಣದಿಂದಲೇ ಅದು ಅರ್ಧ ಸಮುದ್ರ. ದಿನಕ್ಕೆ ಎರಡು ಸಲ ಉಬ್ಬರದ ನೀರು ಒಳಕ್ಕೆ ನುಗ್ಗಿ ಎರಡು ಸಲ ಹೊರಕ್ಕೆ ಹೋಗುತ್ತದೆ. ಹೀಗೆ ಕಲಕಿ ಕಲಕಿ ನೀರಿಗೆ ಕೆಸರಿನ ಬಣ್ಣ.

ಹಲ್ ಪಟ್ಟಣದ ಬಗ್ಗೆ ಹೆಚ್ಚು ಹೇಳಲಾರೆ. 1941ರ ಬಾಂಬುಗಳಿಂದ ಬಹಳ ಹಾಳಾದ ಊರು. ಆಮೇಲೆ ಕಟ್ಟಿದ ಅನೇಕ ಕಟ್ಟಡಗಳಿಗೆ ಮುಖಲಕ್ಷಣವಿಲ್ಲ. ಆದರೆ ಹಳೆಯ ಊರಿನ ಭಾಗ ಉಳಿದಿದೆ. ಅದರ ನಡುವೆ ಹೋಲಿ ಟ್ರಿನಿಟಿ ಚರ್ಚು. 2017ರಿಂದ ಅದಕ್ಕೆ ಹಲ್ ಮಿನ್‌ಸ್ಟರ್ ಎಂಬ ಪದವಿ ಬಂದಿದೆ. ಪಕ್ಕದಲ್ಲಿ ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಕೆಂಪಿಟ್ಟಿಗೆಯ ಹಳೆಯ ಗ್ರಾಮರ್ ಸ್ಕೂಲು. ಚರ್ಚಿಗೂ ಶಾಲೆಗೂ ನಡುವಣ ಚೌಕದಲ್ಲಿ ಮಾರ್ವೆಲ್ಲನ ಬಿಳಿಯ ವಿಗ್ರಹ, 1867ರಲ್ಲಿ ಮಾಡಿದ್ದು. ಆ ಶಾಲೆಯಲ್ಲಿಯೇ ಕವಿಯು ಓದಿದನು. ಆ ಚರ್ಚಿನಲ್ಲಿಯೇ ಅವನ ತಂದೆ ಉಪದೇಶಕನಾಗಿದ್ದನು. ಮಾರ್ವೆಲ್ಲನು 1621ರ ಮಾರ್ಚ್ 31ರಂದು ಸಮೀಪದ ವೈನ್‌ಸ್ಟೆಡ್ ಎಂಬ ಹಳ್ಳಿಯಲ್ಲಿ ಹುಟ್ಟಿ ಮೂರು ವರ್ಷದ ಮಗುವಾಗಿದ್ದಾಗ ಈ ಊರಿಗೆ ಬಂದನು. 1659ರಿಂದ 1678ರಲ್ಲಿ ತೀರಿಕೊಳ್ಳುವವರೆಗೆ ಪಾರ್ಲಿಮೆಂಟಿನಲ್ಲಿ ಹಲ್ ಪಟ್ಟಣದ ಪ್ರತಿನಿಧಿ. ಲಂಡನ್ನಿನಿಂದ ಇಲ್ಲಿನ ಪುರಸಭೆಗೆ ಅವನು ಬರೆದ ಕಾಗದಗಳು ಮುನ್ನೂರರ ಸಮೀಪ ಉಳಿದಿವೆ: ಸುಂಕ, ದೀಪಸ್ತಂಭ, ಮಸೂದೆಗಳ ಸಮಾಚಾರ. ಅವನ ಕಾಲದ ಜನರಿಗೆ ಅವನು ಕವಿಯಾಗಿ ಅಷ್ಟಾಗಿ ತಿಳಿದಿರಲಿಲ್ಲ. ನಲ್ಲೆಗೆ ಬರೆದ ಪದ್ಯವು ಅವನ ಜೀವಮಾನದಲ್ಲಿ ಅಚ್ಚಾಗಲೂ ಇಲ್ಲ.

ಸಂಜೆಗೆ ಮುಂಚೆ ನದಿಯ ದಡಕ್ಕೆ ಹೋದೆವು. ಸೇತುವೆ ಬರುವ ಮೊದಲು ಎದುರು ದಡಕ್ಕೆ ದೋಣಿಗಳು ಹೊರಡುತ್ತಿದ್ದ ಕಟ್ಟೆಯದು. ಈಗ ಬೆಂಚುಗಳಿವೆ, ಗಾಳಿಯಿದೆ, ಕಡಲಹಕ್ಕಿಗಳ ಕಿರುಚಾಟವಿದೆ. ಎರಡು ಮೈಲಿಯಾಚೆ ಲಿಂಕನ್‌ಷೈರಿನ ದಡ ಒಂದು ಗೆರೆಯಂತೆ ಕಾಣುತ್ತದೆ. ಇಳಿತದ ವೇಳೆ, ಕಟ್ಟೆಯ ಮರದ ಕಂಬಗಳ ಮೇಲೆ ನೀರು ಬಿಟ್ಟು ಹೋದ ಹಸಿರು ಪಾಚಿಯ ಗುರುತು ನಮ್ಮ ತಲೆಗಿಂತ ಎತ್ತರದವರೆಗೆ ಕಾಣುತ್ತಿದ್ದಿತು. ನೀರು ನಿಂತಂತೆ ಕಂಡರೂ ನಿಂತಿರಲಿಲ್ಲ. ಒಂದು ಮರದ ತುಂಡು ನಾವು ನೋಡುತ್ತಿದ್ದಂತೆಯೇ ಸಮುದ್ರದ ಕಡೆಗೆ ಓಡಿಹೋಯಿತು. ಇಂತಹ ನದಿಯ ದಡದಲ್ಲಿ ಬೆಳೆದವನಿಗೆ ಕಾಲದ ರಥದ ಸದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲವೆಂದು ನನಗೆ ತೋರಿತು.

ಇನ್ನೊಂದು ಸಂಗತಿಯೂ ಇದೆ. ಅದನ್ನು ನಾನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ. ಏಕೆಂದರೆ ಅದರ ಭಾರ ನನಗೆ ಅಲ್ಲಿ ಕುಳಿತಾಗ ಮಾತ್ರ ತಿಳಿಯಿತು. 1641ರ ಜನವರಿಯಲ್ಲಿ ಮಾರ್ವೆಲ್ಲನ ತಂದೆಯು ಈ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ ಮುಳುಗಿ ಸತ್ತನು. ಮಗನಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನಲ್ಲೆಯ ಪದ್ಯವು 1650ರ ದಶಕದ್ದೆಂದು ಹೇಳುವವರೇ ಹೆಚ್ಚು. ಹಾಗಾದರೆ, ಹಂಬರಿನ ದಡದಲ್ಲಿ ಕುಳಿತು ಗೋಳಾಡುತ್ತೇನೆಂದು ಹಾಸ್ಯವಾಗಿ ಬರೆದವನಿಗೆ ಆ ನೀರಿನ ದಡದಲ್ಲಿ ನಿಜವಾಗಿ ಗೋಳಾಡುವುದೆಂದರೆ ಏನೆಂಬುದು ಗೊತ್ತಿದ್ದಿತು. ಪದ್ಯದ ಮೊದಲ ಭಾಗವನ್ನು ನಾವು ಸುಮ್ಮನೆ ಚಮತ್ಕಾರವೆಂದು ಓದಿ ನಕ್ಕುಬಿಡುತ್ತೇವೆ. ಇನ್ನು ನಾನು ಹಾಗೆ ಓದಲಾರೆ.

ಇಷ್ಟನ್ನೂ ಮನೆಯವಳಿಗೆ ಹೇಳಿದೆ. ಪದ್ಯವನ್ನೂ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಅರ್ಥ ಹೇಳಿದೆ. ಅವಳು ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು ಕೇಳಿದಳು.

“ಗಂಗೆಯಲ್ಲಿ ಮಾಣಿಕ್ಯ ಎಲ್ಲಿದೆ?” ಎಂಬುದು ಮೊದಲನೆಯ ಪ್ರಶ್ನೆ. ನಮ್ಮ ದೇವರ ಗೂಡಿನಲ್ಲಿ ಅತ್ತೆಯವರ ಕಾಲದ ಗಂಗಾಜಲದ ತಾಮ್ರದ ಗಿಂಡಿಯೊಂದಿದೆ. ಗಂಗೆಯೆಂದರೆ ಈಕೆಗೆ ಅದು. ಅವನ ಕಾಲದವರಿಗೆ ಹಿಂದೂದೇಶವೆಂದರೆ ರತ್ನಗಳ ರಾಶಿ, ಮಾಣಿಕ್ಯ ಬರುತ್ತಿದ್ದುದು ಬರ್ಮಾ ಕಡೆಯಿಂದ, ಕವಿಗೆ ಬೇಕಾಗಿದ್ದುದು ದೂರ ಮಾತ್ರ ಎಂದು ವಿವರಿಸಿದೆ.

“ಸರಿ. ಆಕೆ ಏನೆಂದಳು?”

“ಯಾರು?”

“ಆ ಹುಡುಗಿ. ಇಷ್ಟೆಲ್ಲ ಹೇಳಿದ ಮೇಲೆ ಏನೆಂದಳು?”

ಅದು ಪದ್ಯದಲ್ಲಿಲ್ಲವೆಂದೆ. ಪದ್ಯ ಮುಗಿಯುವವರೆಗೂ ಆಕೆ ಬಾಯಿ ತೆರೆಯುವುದಿಲ್ಲ. ಆಕೆಯ ಹೆಸರೂ ಇಲ್ಲ. “ಇದು ಪದ್ಯದ ಒಂದು ಜಾತಿ. ರೋಮಿನ ಹೊರೇಸನಿಂದ ಬಂದದ್ದು. ಹೆರಿಕ್ ಎಂಬ ಕವಿಯೂ ಇಂತಹುದನ್ನೇ ಬರೆದಿದ್ದಾನೆ, 1648ರಲ್ಲಿ ಅಚ್ಚಾಯಿತು. ನಿಜವಾದ ಹುಡುಗಿಯೊಬ್ಬಳು ಇದ್ದಳೆಂದೇನೂ ಇಲ್ಲ” ಎಂದು ಮೇಷ್ಟರ ಧ್ವನಿಯಲ್ಲಿ ಹೇಳಿದೆ.

“ಹೆರಿಕ್‌ಗೆ ಮದುವೆಯಾಗಿತ್ತೆ?”

“ಇಲ್ಲ.”

“ಇವನಿಗೆ?”

“ಇವನಿಗೂ ಇಲ್ಲ. ಅಂದರೆ, ಇಲ್ಲವೆಂದೇ ಎಲ್ಲರೂ ತಿಳಿದಿದ್ದರು.”

ಇಲ್ಲಿ ಮೇರಿ ಪಾಮರಳ ಕಥೆಯನ್ನು ಹೇಳಬೇಕಾಯಿತು. ಮಾರ್ವೆಲ್ಲನು ಲಂಡನ್ನಿನ ಗ್ರೇಟ್ ರಸೆಲ್ ಬೀದಿಯಲ್ಲಿ ಇದ್ದ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಅವಳು. ಅವನು 1678ರ ಆಗಸ್ಟಿನಲ್ಲಿ ಚಳಿಜ್ವರದಿಂದ ಸತ್ತ ಮೇಲೆ ತಾನೇ ಅವನ ಹೆಂಡತಿಯೆಂದೂ, 1667ರಲ್ಲಿ ಗುಟ್ಟಾಗಿ ಮದುವೆಯಾಯಿತೆಂದೂ ಹೇಳಿಕೊಂಡು ಮುಂದೆ ಬಂದಳು. ಐನೂರು ಪೌಂಡಿನ ಒಂದು ಸಾಲಪತ್ರದ ವಿಷಯವಾಗಿ ವ್ಯಾಜ್ಯ ನಡೆಯುತ್ತಿದ್ದಿತು. ಹೆಂಡತಿಯೆನ್ನಿಸಿಕೊಂಡರೆ ಅದಕ್ಕೆ ಹಕ್ಕು ಬರುತ್ತಿದ್ದಿತು. ಆದುದರಿಂದ ಅನೇಕ ವಿದ್ವಾಂಸರು ಅವಳ ಮಾತನ್ನು ನಂಬಿಲ್ಲ, ನಂಬಿದವರೂ ಇದ್ದಾರೆ. 1681ರಲ್ಲಿ ಕವಿಯ ಪದ್ಯಗಳು ಮೊದಲ ಬಾರಿಗೆ ಸಂಪುಟವಾಗಿ ಹೊರಬಂದಾಗ, ಇವೆಲ್ಲ ತನ್ನ ಗಂಡನ ಸ್ವಹಸ್ತದ ಪ್ರತಿಗಳಿಂದ ಅಚ್ಚಾದವೆಂಬ ಒಂದು ಚಿಕ್ಕ ಒಕ್ಕಣೆ ಪುಸ್ತಕದ ಮೊದಲಲ್ಲಿದ್ದಿತು. ಅದರ ಕೆಳಗಣ ಸಹಿ ಮೇರಿ ಮಾರ್ವೆಲ್ ಎಂದು. ಸುಳ್ಳೋ ನಿಜವೋ, ಆ ಸಹಿಯ ಪುಸ್ತಕದಿಂದಲೇ ನಲ್ಲೆಯ ಪದ್ಯವು ಲೋಕಕ್ಕೆ ಬಂದಿತು.

“ಪಾಪ, ಹನ್ನೊಂದು ವರ್ಷ ಹೊರಗೆ ಹೇಳದೆ ಇದ್ದಳೆ?” ಎಂದಳು ಈಕೆ. ಅವಳು ಮೇರಿಯ ಮಾತನ್ನು ಆ ಕ್ಷಣದಲ್ಲಿಯೇ ನಂಬಿಬಿಟ್ಟಳೆಂದು ನನಗೆ ತಿಳಿಯಿತು. ವ್ಯಾಜ್ಯದ ದಾಖಲೆಗಳನ್ನು ವಿವರಿಸುವ ಉತ್ಸಾಹ ನನಗೂ ಉಳಿಯಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವಳು, “ನಿಮ್ಮ ಕಾಗದವೂ ಹೀಗೇ ಇತ್ತು” ಎಂದಳು.

ಯಾವ ಕಾಗದವೆಂದು ನಾನು ಕೇಳಲಿಲ್ಲ. 45 ವರ್ಷಗಳ ಹಿಂದೆ ನಮ್ಮ ನಿಶ್ಚಿತಾರ್ಥವಾದಾಗ ಈಕೆ ಬಿ. ಎ. ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆ ಮುಗಿದ ಮೇಲೆ ಮದುವೆಯಾಗಲೆಂದು ಅವಳ ಇಚ್ಛೆ. ಅವಳ ತಂದೆಯವರೂ ಒಪ್ಪಿದ್ದರು. ನಮ್ಮ ಮನೆಯ ಪುರೋಹಿತರು ಮಾಘದಲ್ಲಿ ಬಿಟ್ಟರೆ ಆಮೇಲೆ ಮೌಢ್ಯ, ಅದರ ಬೆನ್ನಿಗೆ ಆಷಾಢ, ಶ್ರಾವಣದವರೆಗೆ ಮುಹೂರ್ತವಿಲ್ಲವೆಂದರು. ನನ್ನ ಅಜ್ಜಿ ಹಾಸಿಗೆ ಹಿಡಿದಿದ್ದರು. ನಾನು ಆಗತಾನೆ ಎಂ. ಎ. ಮುಗಿಸಿದವನು, ಎರಡು ಪುಟದ ಒಂದು ಕಾಗದ ಬರೆದೆ. ಅವಳ ತಂಗಿಯ ಕೈಯಲ್ಲಿ ಗುಟ್ಟಾಗಿ ಅದು ತಲುಪಿತು. ಮದುವೆ ಮಾಘದಲ್ಲಿಯೇ ಆಯಿತು. ಪರೀಕ್ಷೆಗೆ ಅವಳು ಕುಳಿತುಕೊಳ್ಳಲಿಲ್ಲ, ಮುಂದಿನ ವರ್ಷವೆಂದುಕೊಂಡೆವು, ಮುಂದಿನ ವರ್ಷ ಮಗಳು ಹುಟ್ಟಿದಳು. ಅಜ್ಜಿ ಎದ್ದು ಓಡಾಡಿಕೊಂಡು ಇನ್ನೂ ಹನ್ನೊಂದು ವರ್ಷ ಬದುಕಿದ್ದರು.

“ಕಾಲ ನಮ್ಮ ಕೈಯಲ್ಲಿದ್ದಿದ್ದರೆ ಹತ್ತು ವರ್ಷ ಬೇಕಾದರೂ ಕಾಯುತ್ತಿದ್ದೆ ಎಂದು ಮೊದಲು. ಆದರೆ ಅಜ್ಜಿಗೆ ಹೀಗಿದೆ ಎಂದು ನಡುವೆ. ಆದ್ದರಿಂದ ಎಂದು ಕೊನೆಗೆ. ಟ್ರಂಕಿನಲ್ಲಿ ಇದೆ, ಬೇಕಾದರೆ ಊರಿಗೆ ಹೋದಾಗ ನೋಡಿ” ಎಂದಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಅಕ್ಕಿಯಲ್ಲಿ ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟಂತೆ ಹೇಳಿದಳು. ಮೂವತ್ತು ವರ್ಷ ಈ ಮೂರು ಮೆಟ್ಟಿಲುಗಳನ್ನು ಕರಿಹಲಗೆಯ ಮೇಲೆ ಬರೆದವನಿಗೆ ತನ್ನ ಕಾಗದದ ನೆನಪು ಒಂದು ದಿನವೂ ಬಂದಿರಲಿಲ್ಲ. ನಾನು ಉತ್ತರ ಹೇಳಲಾರದೆ ಲಿಂಕನ್‌ಷೈರಿನ ದಡವನ್ನು ನೋಡುತ್ತಾ ಕುಳಿತೆ. ನೀರು ತಿರುಗಿ ಒಳಕ್ಕೆ ಬರಲು ಮೊದಲಾಗಿದ್ದಿತು.

ಮರುದಿನ ಲಂಡನ್ನಿಗೆ ಹಿಂದಿರುಗುವಾಗ ರೈಲಿನಲ್ಲಿ ಅವಳೇ ಮಾತು ತೆಗೆದಳು. “ಇಂತಹ ಪದ್ಯಕ್ಕೆ ಉತ್ತರ ಕೊಟ್ಟ ಹುಡುಗಿ ಒಬ್ಬಳೂ ಇಲ್ಲವೆ?” ಇದ್ದಾಳೆ. ಜಾನ್ ಡನ್ ಎಂಬ ಕವಿ ಮಾರ್ವೆಲ್ಲನಿಗಿಂತ ಒಂದು ತಲೆಮಾರು ಹಿಂದಿನವನು. ಈ ಪಂಗಡಕ್ಕೆಲ್ಲ ಹಿರಿಯನು. ಅವನ ಒಂದು ಪದ್ಯದಲ್ಲಿ ಒಂದು ಚಿಗಟ. ಇದು ನನ್ನನ್ನೂ ಕಚ್ಚಿತು, ನಿನ್ನನ್ನೂ ಕಚ್ಚಿತು. ನಮ್ಮಿಬ್ಬರ ರಕ್ತ ಇದರೊಳಗೆ ಆಗಲೇ ಬೆರೆತಿದೆ. ಇನ್ನು ನಿನಗೆ ಸಂಕೋಚವೇಕೆ ಎಂದು ಕವಿಯ ವಾದ. ಆ ಹುಡುಗಿಯೂ ಮಾತಾಡುವುದಿಲ್ಲ. ಆದರೆ ಎರಡನೆಯ ಪದ್ಯಖಂಡಕ್ಕೂ ಮೂರನೆಯದಕ್ಕೂ ನಡುವೆ ಉಗುರಿನಿಂದ ಚಿಗಟವನ್ನು ಕುಕ್ಕಿ ಸಾಯಿಸುತ್ತಾಳೆ. ಇದನ್ನು ಕೇಳಿ ಈಕೆ ಎದುರಿಗಿದ್ದ ಇಂಗ್ಲಿಷ್ ದಂಪತಿಗಳು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕಳು. ಡನ್ ಯಾರು, ಎಲ್ಲಿದ್ದನೆಂದು ಕೇಳಿದಳು. ಅವನ ವಿಗ್ರಹ ಲಂಡನ್ನಿನಲ್ಲಿಯೇ ಇದೆಯೆಂದೂ, ಒಂದು ದಿನ ನೋಡೋಣವೆಂದೂ ಹೇಳಿದೆ. ಈ ಸಲ ಯಾರೂ ಯಾರನ್ನೂ ಒಪ್ಪಿಸಬೇಕಾಗಲಿಲ್ಲ.

ಹಾಗೆ, ಊರಿಗೆ ಹೊರಡುವ ಮುಂಚಿನ ವಾರ ಸೇಂಟ್ ಪಾಲ್ಸ್ ದೇವಾಲಯಕ್ಕೆ ಹೋದೆವು. ಅದರ ದಕ್ಷಿಣದ ಓಣಿಯಲ್ಲಿ ಡನ್ ನಿಂತಿದ್ದಾನೆ; ಮಲಗಿಲ್ಲ, ನಿಂತಿದ್ದಾನೆ. ಒಂದು ಬೂದಿಗಡಿಗೆಯ ಮೇಲೆ, ಶವವಸ್ತ್ರವನ್ನು ತಲೆಯ ಮೇಲೆ ಗಂಟುಹಾಕಿಕೊಂಡು, ಕಣ್ಣು ಮುಚ್ಚಿ. ಸಾಯುವುದಕ್ಕೆ ಮುಂಚೆ ಅವನು ತಾನೇ ಶವವಸ್ತ್ರವನ್ನು ಉಟ್ಟು ಚಿತ್ರಗಾರನ ಮುಂದೆ ನಿಂತು ಚಿತ್ರ ಬರೆಸಿಕೊಂಡನೆಂದು ಅವನ ಚರಿತ್ರೆಯನ್ನು ಬರೆದ ಐಸಾಕ್ ವಾಲ್ಟನ್ನನು ಹೇಳುತ್ತಾನೆ. ಅದನ್ನು ನೋಡಿ ನಿಕೊಲಸ್ ಸ್ಟೋನ್ ಎಂಬ ಶಿಲ್ಪಿ ಈ ವಿಗ್ರಹವನ್ನು ಕಡೆದನು. 1666ರ ಮಹಾ ಅಗ್ನಿಯಲ್ಲಿ ಹಳೆಯ ದೇವಾಲಯವೆಲ್ಲ ಸುಟ್ಟುಹೋದರೂ ಇದೊಂದು ಉಳಿಯಿತು. ಗಡಿಗೆಯ ಮೇಲೆ ಉರಿಯ ಕಲೆ ಈಗಲೂ ಕಾಣುತ್ತದೆ. ಚಿಗಟದ ಪದ್ಯವನ್ನು ಬರೆದವನು 1621ರಲ್ಲಿ, ಮಾರ್ವೆಲ್ ಹುಟ್ಟಿದ ವರ್ಷದಲ್ಲಿಯೇ, ಈ ದೇವಾಲಯದ ಡೀನನಾಗಿ ಸಾವಿನ ವಿಷಯವಾಗಿ ಲಂಡನ್ನಿನ ಜನರನ್ನು ನಡುಗಿಸುವ ಉಪದೇಶಗಳನ್ನು ಮಾಡಿದನು. ತೀರಿಕೊಂಡದ್ದು 1631ರ ಮಾರ್ಚ್ 31ರಂದು; ಅಂದಿಗೆ ಹಲ್ ಪಟ್ಟಣದ ಹುಡುಗನಿಗೆ ಸರಿಯಾಗಿ ಹತ್ತು ವರ್ಷ. ನಾನು ಮೇಲೆ ಹೇಳಿದ ಎರಡು “ಆದುದರಿಂದ”ಗಳನ್ನೂ ಒಂದೇ ಜನ್ಮದಲ್ಲಿ ಹೇಳಿ ಮುಗಿಸಿದವನು ಈತ.

ಈಕೆಗೆ ವಿಗ್ರಹ ಹಿಡಿಸಲಿಲ್ಲ. “ಬದುಕಿರುವಾಗಲೇ ಇಂತಹ ಅಪಶಕುನವೆ! ಹೆಂಡತಿ ಸುಮ್ಮನಿದ್ದಳೆ?” ಎಂದಳು. ಹೆಂಡತಿ ಆಗ ಇರಲಿಲ್ಲವೆಂದೆ. ಆ ಕಥೆಯನ್ನು ದಾರಿಯಲ್ಲಿ ಹೇಳುತ್ತೇನೆಂದು ಹೊರಟೆ. ದಾರಿಯೂ ಕಥೆಯೂ ಒಂದೇ ಆಗಿದ್ದವು.

ಲಡ್‌ಗೇಟಿನ ಇಳಿಜಾರನ್ನು ಇಳಿದರೆ ಬಲಗಡೆಗೆ ಫ್ಯಾರಿಂಗ್‌ಡನ್ ಬೀದಿ. ಅಲ್ಲಿ ಹಿಂದೆ ಫ್ಲೀಟ್ ಸೆರೆಮನೆಯಿದ್ದಿತು. ಡನ್ನನು ರಾಜಮುದ್ರಾಧಿಕಾರಿ ಸರ್ ಥಾಮಸ್ ಎಗರ್ಟನ್ನನ ಕಾರ್ಯದರ್ಶಿಯಾಗಿದ್ದಾಗ ಆ ಮನೆಯಲ್ಲಿ ಬೆಳೆಯುತ್ತಿದ್ದ ಆನ್ ಮೋರ್ ಎಂಬ ಹುಡುಗಿಯನ್ನು ಪ್ರೀತಿಸಿದನು. ಅವಳು ಎಗರ್ಟನ್ನನ ಹೆಂಡತಿಯ ಸೋದರನ ಮಗಳು. ಸರ್ರಿ ಪ್ರಾಂತದ ಲೋಸ್ಲಿಯ ಸರ್ ಜಾರ್ಜ್ ಮೋರನ ಕುವರಿ. 1601ರ ಡಿಸೆಂಬರಿನಲ್ಲಿ ಯಾರಿಗೂ ತಿಳಿಯದಂತೆ ಇಬ್ಬರೂ ಮದುವೆಯಾದರು. ಅವನಿಗೆ ಮೂವತ್ತರ ಆಸುಪಾಸು, ಅವಳಿಗೆ ಹದಿನೇಳರ ಆಸುಪಾಸು. ಫೆಬ್ರುವರಿಯಲ್ಲಿ ಅವನು ಮಾವನಿಗೆ ಕಾಗದ ಬರೆದು ತಪ್ಪೊಪ್ಪಿಕೊಂಡನು. ಮಾವನು ಅವನನ್ನು ಕೆಲಸದಿಂದ ತೆಗೆಸಿ ಈ ಸೆರೆಮನೆಗೆ ಹಾಕಿಸಿದನು. ಸೆರೆ ಬೇಗ ಬಿಟ್ಟಿತು. ಮದುವೆ ಸಿಂಧುವೆಂದು ತೀರ್ಪೂ ಆಯಿತು. ಕೆಲಸ ಮಾತ್ರ ಮತ್ತೆ ಸಿಕ್ಕಲಿಲ್ಲ. ಮುಂದೆ ಹಲವು ವರ್ಷ ನೆಂಟರ ಆಶ್ರಯ, ಮಿಚಮ್ ಎಂಬ ಹಳ್ಳಿಯಲ್ಲಿ ತೆಳುಗೋಡೆಯ ಚಿಕ್ಕ ಮನೆ, ಬಡತನ, ಬಸಿರು, ಬಾಣಂತನ.

ಫ್ಲೀಟ್ ಬೀದಿಯಲ್ಲಿ ನಡೆಯುತ್ತಾ ಕೈವಾರದ ಪದ್ಯವನ್ನು ಹೇಳಿದೆ. 1611ರಲ್ಲಿ ಡನ್ನನು ಧಣಿಯೊಬ್ಬನ ಸಂಗಡ ಫ್ರಾನ್ಸಿಗೆ ಹೊರಟಾಗ ಗರ್ಭಿಣಿಯಾಗಿದ್ದ ಹೆಂಡತಿಯು ಬೇಡವೆಂದಳು. ಆಗ ಅವಳಿಗೆ ಈ ಪದ್ಯವನ್ನು ಕೊಟ್ಟನೆಂದು ವಾಲ್ಟನ್ನನ ಹೇಳಿಕೆ. ನಮ್ಮಿಬ್ಬರ ಜೀವಗಳು ಕೈವಾರದ ಎರಡು ಕಾಲುಗಳಂತೆ. ನೀನು ನಡುವಿನಲ್ಲಿ ಊರಿ ನಿಂತರೆ ನಾನು ಎಷ್ಟು ದೂರ ಸುತ್ತಿದರೂ ಹೊರಟಲ್ಲಿಗೇ ಬಂದು ಸೇರುತ್ತೇನೆ ಎಂಬುದು ಅದರ ಹೃದಯ. ಅಗಲಿಕೆಯ ವಿಷಯವಾಗಿ ಇದಕ್ಕಿಂತ ಸುಂದರವಾದ ಉಪಮೆಯನ್ನು ನಾನು ಓದಿಲ್ಲ. ಅವನು ಫ್ರಾನ್ಸಿನಲ್ಲಿರುವಾಗಲೇ ಅವಳು ಸತ್ತ ಮಗುವನ್ನು ಹೆತ್ತಳು.

“ಒಟ್ಟು ಎಷ್ಟು ಹೆರಿಗೆ?” ಎಂದಳು ಈಕೆ.

ಹನ್ನೆರಡು, ಹದಿನಾರು ವರ್ಷಗಳಲ್ಲಿ. ಹನ್ನೆರಡನೆಯ ಮಗುವೂ ಸತ್ತೇ ಹುಟ್ಟಿತು. ಅದಾದ ಕೆಲವೇ ದಿನಗಳಲ್ಲಿ, 1617ರ ಆಗಸ್ಟ್ 15ರಂದು, ಆನ್ ತೀರಿಕೊಂಡಳು. ಅವಳಿಗೆ 33 ವರ್ಷ. ಮಗಳ ಬಾಣಂತನ ಮಾಡಿ ಮುಗಿಸಿದ್ದ ಈಕೆ ಬೀದಿಯ ನಡುವೆ ನಿಂತುಬಿಟ್ಟಳು. ಹಿಂದಿನಿಂದ ಬರುತ್ತಿದ್ದವರು ಪಕ್ಕಕ್ಕೆ ಸರಿದು ಹೋದರು.

ಸ್ಟ್ರ್ಯಾಂಡಿನ ನಡುವೆ ದ್ವೀಪದಂತೆ ನಿಂತಿರುವ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚಿಗೆ ಬಂದೆವು. ಆನ್ ಇಲ್ಲಿಯೇ ಸಮಾಧಿಯಾದಳು. ಅವಳ ಗೋರಿಯನ್ನು ಕಡೆದವನೂ ಆ ನಿಕೊಲಸ್ ಸ್ಟೋನನೇ. ಗಂಡನ ವಿಗ್ರಹವು ಲಂಡನ್ನಿನ ಬೆಂಕಿಯನ್ನು ದಾಟಿ ಉಳಿದರೆ, ಬೆಂಕಿ ತಟ್ಟದ ಈ ಚರ್ಚನ್ನು ರೆನ್ನನು 1680ರ ದಶಕದ ಆರಂಭದಲ್ಲಿ ಕೆಡವಿ ಕಟ್ಟಿದನು. ಹೆಂಡತಿಯ ಗೋರಿ ಇಲ್ಲವಾಯಿತು. ರೆನ್ನನ ಕಟ್ಟಡವೂ 1941ರ ಮೇ ತಿಂಗಳಿನಲ್ಲಿ ಬಾಂಬಿಗೆ ಸುಟ್ಟು, 1958ರಲ್ಲಿ ವಿಮಾನದಳದ ಚರ್ಚಾಗಿ ಮತ್ತೆ ತೆರೆಯಿತು. ಆನಳ ಗೋರಿಯ ಮೇಲೆ ಕೆತ್ತಿಸಲೆಂದು ಡನ್ನನು ಲ್ಯಾಟಿನ್ನಿನಲ್ಲಿ ಬರೆದ ಒಕ್ಕಣೆ ಅವನ ಕೈಬರಹದಲ್ಲಿಯೇ ಲೋಸ್ಲಿಯ ಕಾಗದಪತ್ರಗಳಲ್ಲಿ ಉಳಿದು, ಈಗ ಅಮೆರಿಕದ ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿದೆ. ಅಳಿಯನು ಮಾವನಿಗೆ ಬರೆದ ತಪ್ಪೊಪ್ಪಿಗೆಯ ಕಾಗದವೂ ಅಲ್ಲಿಯೇ ಇದೆ. ಅವಳ ಕೈಯ ಒಂದು ಅಕ್ಷರವೂ ಅವುಗಳ ಜೊತೆಗಿಲ್ಲ.

ಒಳಗೆ ನೆಲದ ತುಂಬ ವಿಮಾನದಳದ ಲಾಂಛನಗಳನ್ನು ಕೆತ್ತಿದ ಕಲ್ಲುಗಳು. ಈಕೆ ಅವುಗಳ ಮೇಲೆ ಕಾಲಿಡಲು ಹಿಂಜರಿದು, ಗೋಡೆಯ ಅಂಚಿನಲ್ಲಿಯೇ ಒಂದು ಸುತ್ತು ಬಂದಳು, ಪ್ರದಕ್ಷಿಣೆಯೇ ಆಯಿತು. ಆಮೇಲೆ ಕೊನೆಯ ಸಾಲಿನ ಬೆಂಚಿನಲ್ಲಿ ಕುಳಿತೆವು.

“ಆ ಪರೀಕ್ಷೆ,” ಎಂದೆ ನಾನು. ಅಷ್ಟು ಹೇಳಿ ಮುಂದಿನ ಮಾತಿಗಾಗಿ ತಡವರಿಸಿದೆ. ಈಗ ಮನೆಯಲ್ಲಿ ಕುಳಿತೇ ಓದಿ ಪರೀಕ್ಷೆ ಕಟ್ಟಬಹುದು, ವಯಸ್ಸಿನ ಮಿತಿಯಿಲ್ಲ ಎಂದು ಹೇಳಬೇಕೆಂದಿದ್ದೆ.

“ಇನ್ನೊಂದು ಕಾಗದ ಬರೆಯುತ್ತೀರಾ?” ಎಂದಳು. ಕಣ್ಣಿನ ಅಂಚಿನಲ್ಲಿ ನಗುವಿದ್ದಂತೆ ಕಂಡಿತು. ಬೆಳಕು ಸಾಲದಾದುದರಿಂದ ನಿಶ್ಚಯವಾಗಿ ಹೇಳಲಾರೆ. “ಈ ಸಲ ಕಾಯಿರಿ. ಯೋಚನೆ ಮಾಡಿ ಹೇಳುತ್ತೇನೆ.”

ಅಷ್ಟರಲ್ಲಿ ಗೋಪುರದ ಗಂಟೆಗಳು ಮೊಳಗಿದವು. ಕಿತ್ತಳೆ, ನಿಂಬೆಹಣ್ಣುಗಳ ಹೆಸರಿನ ಆ ಹಳೆಯ ಶಿಶುಗೀತೆಯ ಧಾಟಿ. ಮಗಳು ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾ ಹೇಳುವ ಹಾಡು ಅದು. ಈಕೆಗೆ ತಿಂಗಳುಗಳಿಂದ ಕೇಳಿ ಕೇಳಿ ಪರಿಚಿತ. ತಲೆಯೆತ್ತಿ ಕೇಳಿದಳು, ಕೈಗಡಿಯಾರ ನೋಡಿಕೊಂಡಳು.

“ಮೂರು ಗಂಟೆ! ಕೂಸು ಎದ್ದಿರುತ್ತದೆ, ಏಳಿ ಏಳಿ” ಎಂದು ನನ್ನ ಕೊಡೆಯನ್ನೂ ತಾನೇ ಎತ್ತಿಕೊಂಡು ಬಾಗಿಲಿನ ಕಡೆಗೆ ನಡೆದಳು.